ಬರೆಯಲು ಕಲಿಸಬಹುದೇ?
(ವಿಶ್ವವಿದ್ಯಾಲಯಗಳಲ್ಲಿ ಸಾಹಿತ್ಯ ರಚನೆಯ ಶಿಕ್ಷಣ ಬೆಳೆದು ಬಂದ ಬಗೆ)

ಸಂಗೀತವನ್ನು ಕಲಿಯಬೇಕೆನ್ನುವವನು ಗುರುವಿನ ಎದುರು ಕುಳಿತು ವರ್ಷಗಟ್ಟಲೆ ಸ್ವರಸಾಧನೆ ಮಾಡುವನು. ಚಿತ್ರ ಬರೆಯಬೇಕೆನ್ನುವವನು ಗುರುವಿನ ರೇಖೆಗಳನ್ನು ಅನುಸರಿಸಿ ಕೈ ತಿದ್ದಿಕೊಳ್ಳುವನು. ನೇಯ್ಗೆಗೂ ಬಡಿಗತನಕ್ಕೂ ಗುರುವುಂಟು. ಆದರೆ ಕಥೆ ಕವಿತೆಗಳ ಮಾತು ಬಂದೊಡನೆ ನಾವೆಲ್ಲರೂ, ‘ಅದು ಹುಟ್ಟುತ್ತ ಬರಬೇಕು, ಕಲಿಸಿದರೆ ಬರುವಂಥದಲ್ಲ’ ಎಂದು ಹೇಳಿ ಸುಮ್ಮನಾಗುತ್ತೇವೆ. ಈ ಮಾತು ಎಷ್ಟರ ಮಟ್ಟಿಗೆ ನಿಜ?

ಅಮೆರಿಕ ಹಾಗೂ ಇಂಗ್ಲೆಂಡಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂದು ಸಾಹಿತ್ಯ ರಚನೆಯೇ ಒಂದು ಪಠ್ಯವಿಷಯವಾಗಿದೆ. ಅಲ್ಲಿ ‘ಸೃಜನಶೀಲ ಬರವಣಿಗೆ’ ಎಂದು ಕರೆಯಲಾಗುವ ಈ ವಿಷಯವನ್ನು ಓದಿದ ವಿದ್ಯಾರ್ಥಿಯು ಬೇರೊಬ್ಬನ ಕಾದಂಬರಿಯ ಮೇಲೆ ಪ್ರಬಂಧ ಬರೆಯುವುದಕ್ಕೆ ಬದಲಾಗಿ ತನ್ನದೇ ಕಾದಂಬರಿಯನ್ನು ಒಪ್ಪಿಸಿ ಪದವಿ ಪಡೆಯುವನು. ಈ ಶಿಕ್ಷಣದ ಇತಿಹಾಸವು ಹೆಚ್ಚು ಹಳೆಯದಲ್ಲ; ನೂರು ನೂರೈವತ್ತು ವರ್ಷಗಳ ಒಳಗಿನದು. ಅದನ್ನು ತಿಳಿದುಕೊಂಡರೆ ಮೇಲಿನ ಪ್ರಶ್ನೆಗೆ ತಕ್ಕಮಟ್ಟಿಗೆ ಉತ್ತರ ದೊರೆಯುವುದು. ಅಷ್ಟೇ ಅಲ್ಲ, ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ನೇರವಾಗಿ ಸಂಬಂಧಿಸಿದ ಒಂದು ಸಂಗತಿಯೂ ಅದರಲ್ಲಿ ಅಡಗಿದೆ.

ನಮ್ಮ ಹಿರಿಯರ ಅಭಿಪ್ರಾಯ

ಕಾವ್ಯಕ್ಕೆ ಮೂಲ ಯಾವುದೆಂಬ ಚರ್ಚೆ ನಮ್ಮ ದೇಶಕ್ಕೆ ಹೊಸದೇನಲ್ಲ. ಕಾಶ್ಮೀರದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಈ ಮೂರೂ ಕೂಡಿಯೇ ಕಾವ್ಯಕ್ಕೆ ಕಾರಣವೆಂದು ಹೇಳಿದನು. ಶಕ್ತಿಯೆಂದರೆ ಹುಟ್ಟಿನಿಂದ ಬಂದ ಪ್ರತಿಭೆ. ನಿಪುಣತೆಯೆಂದರೆ ಲೋಕವನ್ನೂ ಶಾಸ್ತ್ರಕಾವ್ಯಗಳನ್ನೂ ನೋಡಿ ಪಡೆದ ತಿಳಿವಳಿಕೆ. ಅಭ್ಯಾಸವೆಂದರೆ ಕಾವ್ಯವನ್ನು ಬಲ್ಲವರ ಶಿಕ್ಷಣದಲ್ಲಿ ಮಾಡುವ ಸಾಧನೆ. ಮೂರನೆಯದಾದ ಅಭ್ಯಾಸವನ್ನು ಮಮ್ಮಟನು ಕೈಬಿಡಲಿಲ್ಲವೆಂಬುದನ್ನು ಗಮನಿಸಬೇಕು.

ಅವನಿಗಿಂತ ಹಿಂದಿನವನಾದ ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯ ದಿನಚರಿಯನ್ನೇ ಕೊಟ್ಟಿರುವನು. ಹಗಲಿನ ಮೊದಲ ಯಾಮದಲ್ಲಿ ವಿದ್ಯಾಭ್ಯಾಸ, ಎರಡನೆಯದರಲ್ಲಿ ರಚನೆ, ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ತಾನೊಬ್ಬನೇ ಅಥವಾ ಕೆಲವೇ ಗೆಳೆಯರೊಡನೆ ಕುಳಿತು ಬೆಳಿಗ್ಗೆ ಬರೆದುದರ ಪರೀಕ್ಷೆ! ಬರೆ, ಓದಿ ಹೇಳು, ಕೇಳಿಸಿಕೊ, ತಿದ್ದು ಎಂಬ ಈ ಕ್ರಮವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಸಾವಿರ ವರ್ಷಗಳ ಅನಂತರ ಇನ್ನೊಂದು ಖಂಡದಲ್ಲಿ ಇದೇ ಕ್ರಮವನ್ನು ನಾವು ಕಾಣಲಿರುವೆವು.

ಕನ್ನಡದಲ್ಲಿ ಇಂದು ದೊರೆತಿರುವ ಮೊದಲ ಗ್ರಂಥವಾದ ‘ಕವಿರಾಜಮಾರ್ಗ’ವೂ ಒಂದು ಬಗೆಯಲ್ಲಿ ಬರೆಯಲು ಕಲಿಸುವ ಗ್ರಂಥವೇ ಆಗಿದೆ. ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯನು ಕವಿಗಳು ತಪ್ಪಬೇಕಾದ ದೋಷಗಳನ್ನೂ ಬಳಸಬೇಕಾದ ಗುಣಾಲಂಕಾರಗಳನ್ನೂ ಅದರಲ್ಲಿ ವಿವರಿಸಿರುವನು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡೆಂದು ಹೇಳಿದ ಆತನೇ, ಆ ನಾಡಿನ ಜನರು ಶಾಸ್ತ್ರವನ್ನು ಉದ್ದೇಶಪೂರ್ವಕವಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳಿದನು. ಜನರಿಗೆ ಸಹಜವಾದ ಶಕ್ತಿಯಿದೆ ಎಂದು ನಂಬಿದವನೇ ಅವರಿಗಾಗಿ ಶಿಕ್ಷಣದ ಗ್ರಂಥವನ್ನೂ ರಚಿಸಿದನು. ಈ ಎರಡರಲ್ಲಿ ವಿರೋಧವಿಲ್ಲ. ಬಿತ್ತನೆ ಮಾಡುವವನು ಮಣ್ಣಿನಲ್ಲಿ ಸತ್ವವಿದೆಯೆಂದು ನಂಬಿಯೇ ಬಿತ್ತುವನಲ್ಲವೇ?

ಹೀಗೆ ನಮ್ಮಲ್ಲಿ ಗುರುವಿದ್ದನು, ಗೋಷ್ಠಿಯಿದ್ದಿತು, ಗ್ರಂಥವೂ ಇದ್ದಿತು. ಇಲ್ಲದೆ ಇದ್ದುದು ಪದವಿಯೊಂದೇ. ಸಾಹಿತ್ಯ ರಚನೆಯನ್ನು ಪದವಿಯ ಕಟ್ಟಳೆಯೊಳಕ್ಕೆ ತಂದ ಕೀರ್ತಿ, ಅಥವಾ ಅಪಕೀರ್ತಿ, ಅಮೆರಿಕಕ್ಕೆ ಸೇರಿದುದು.

ಹಾರ್ವರ್ಡಿನಲ್ಲಿ ಆರಂಭ

ಅಮೆರಿಕದ ತತ್ವಜ್ಞಾನಿ ಎಮರ್ಸನ್ ಅವರು ೧೮೩೭ರಲ್ಲಿ ಹಾರ್ವರ್ಡಿನ ವಿದ್ವಾಂಸರ ಎದುರು ಮಾಡಿದ ಪ್ರಸಿದ್ಧ ಭಾಷಣದಲ್ಲಿ ಸೃಜನಶೀಲ ಬರವಣಿಗೆ ಎಂಬ ಪದವನ್ನು ಬಳಸಿದರು. ಆದರೆ ಅದರ ಜೊತೆಗೇ ಸೃಜನಶೀಲ ಓದು ಎಂಬ ಪದವನ್ನೂ ಬಳಸಿದರು. ಬರೆಯುವವನಂತೆ ಓದುವವನೂ ಸೃಷ್ಟಿಕರ್ತನೇ ಎಂಬುದು ಅವರ ಅಭಿಪ್ರಾಯವಾಗಿದ್ದಿತು. ಮುಂದೆ ಬಹುಕಾಲ ಜನರು ಮೊದಲನೆಯ ಪದವನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅದೇ ಹಾರ್ವರ್ಡಿನಲ್ಲಿ ಬ್ಯಾರೆಟ್ ವೆಂಡೆಲ್ ಎಂಬ ಅಧ್ಯಾಪಕರು ಇಂಗ್ಲಿಷ್ ರಚನೆಯನ್ನು ಕಲಿಸುತ್ತಿದ್ದರು. ಅವರ ತರಗತಿಯ ವಿದ್ಯಾರ್ಥಿಗಳು ಪ್ರತಿದಿನವೂ ಒಂದು ಚಿಕ್ಕ ಬರಹವನ್ನು ಒಪ್ಪಿಸಬೇಕಾಗಿದ್ದಿತು. ಅದು ತಾವು ಅಂದು ಕಂಡುದು, ಕೇಳಿದುದು ಯಾವುದಾದರೂ ಆಗಬಹುದು. ಅಲ್ಲಿಯವರೆಗೆ ರಚನೆಯ ಪಾಠವೆಂದರೆ ಪ್ರಾಚೀನರನ್ನು ಅನುಕರಿಸುವುದೆಂದೂ ನೀತಿವಾಕ್ಯಗಳನ್ನು ವಿಸ್ತರಿಸುವುದೆಂದೂ ಜನರು ತಿಳಿದಿದ್ದರು. ‘ನಿನ್ನ ಕಣ್ಣಿಗೆ ಬಿದ್ದುದನ್ನು ಬರೆ’ ಎಂಬ ಕಟ್ಟಳೆ ಆ ಕಾಲಕ್ಕೆ ಸಣ್ಣ ಬದಲಾವಣೆಯೇನೂ ಆಗಿರಲಿಲ್ಲ.

ಅದೇ ವಿದ್ಯಾಲಯದ ಇನ್ನೊಬ್ಬ ಅಧ್ಯಾಪಕರು ಜಾರ್ಜ್ ಪಿಯರ್ಸ್ ಬೇಕರ್. ನಾಟಕ ರಚನೆಯನ್ನು ಕಲಿಸುವ ಅವರ ತರಗತಿಗೆ ‘ಇಂಗ್ಲಿಷ್ ೪೭’ ಎಂದು ಹೆಸರು. ಬರೆದ ನಾಟಕವನ್ನು ಆಡಿ ನೋಡದೆ ಅದರ ಗುಣದೋಷ ತಿಳಿಯದೆಂದು ಅವರು ತರಗತಿಗೆ ಹೊಂದಿಕೊಂಡೇ ಒಂದು ರಂಗವನ್ನು ಏರ್ಪಡಿಸಿ, ಅದನ್ನು ‘೪೭ರ ಕಾರ್ಯಾಗಾರ’ವೆಂದು ಕರೆದರು. ೧೯೧೪ರಲ್ಲಿ ಅವರ ತರಗತಿಯನ್ನು ಸೇರಿದ ಯೂಜೀನ್ ಓನೀಲ್ ಎಂಬ ತರುಣರು ೧೯೩೬ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವನ್ನು ಪಡೆದರು.

ಇಂಗ್ಲಿಷರು ‘ವರ್ಕ್‌ಶಾಪ್’ ಎನ್ನುವುದನ್ನು ನಾವು ಸಾಹಿತ್ಯದ ಸಂದರ್ಭದಲ್ಲಿ ಕಮ್ಮಟವೆಂದು ಕರೆಯುತ್ತೇವೆ. ಕಮ್ಮಟವೆಂದರೆ ನಾಣ್ಯಗಳನ್ನು ಅಚ್ಚು ಹಾಕುವ ಟಂಕಸಾಲೆ. ಲೋಹವನ್ನು ಕಮ್ಮಟದವನು ಸೃಷ್ಟಿಸಲಾರನು; ಬಂದ ಲೋಹವನ್ನು ಕಾಸಿ, ಒರೆಗೆ ಹಚ್ಚಿ, ಮುದ್ರೆಯೊತ್ತಿ ಚಲಾವಣೆಗೆ ಬಿಡುವನು. ಈ ಶಿಕ್ಷಣದ ಶಕ್ತಿಯೂ ಮಿತಿಯೂ ನಮ್ಮ ಈ ಒಂದು ಪದದಲ್ಲಿಯೇ ಇದೆ.

ಹೆಸರು ಹುಟ್ಟಿದುದು ಶಾಲೆಯಲ್ಲಿ

ಈಗ ನಾನು ಮೊದಲು ಸೂಚಿಸಿದ ಸಂಗತಿಗೆ ಬರುತ್ತೇನೆ. ‘ಸೃಜನಶೀಲ ಬರವಣಿಗೆ’ ಎಂಬ ಹೆಸರು ಒಂದು ಪಾಠವಿಷಯಕ್ಕೆ ಅಂಟಿಕೊಂಡುದು ವಿಶ್ವವಿದ್ಯಾಲಯದಲ್ಲಿ ಅಲ್ಲ, ಮಕ್ಕಳ ಶಾಲೆಯಲ್ಲಿ. ಈ ಶಿಕ್ಷಣದ ಚರಿತ್ರೆಯನ್ನು ೧೯೯೬ರಲ್ಲಿ ಗ್ರಂಥರೂಪವಾಗಿ ಬರೆದ ಡಿ. ಜಿ. ಮೈಯರ್ಸ್ ಅವರು ಇದನ್ನು ವಿವರವಾಗಿ ನಿರೂಪಿಸಿರುವರು.

ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಶಿಕ್ಷಕರ ಕಾಲೇಜು ೧೯೧೭ರಲ್ಲಿ ಲಿಂಕನ್ ಶಾಲೆ ಎಂಬ ಪ್ರಾಯೋಗಿಕ ಶಾಲೆಯನ್ನು ತೆರೆದಿದ್ದಿತು. ಅಲ್ಲಿ ೧೯೨೦ರಿಂದ ೧೯೨೫ರವರೆಗೆ ಹ್ಯೂಸ್ ಮರ್ನ್ಸ್ ಎಂಬ ಶಿಕ್ಷಕರು ಇಂಗ್ಲಿಷ್ ಪಾಠವನ್ನು ಹೇಳುತ್ತಿದ್ದರು. ಮಕ್ಕಳಿಗೆ ವಿಷಯ ಕೊಟ್ಟು, ಬರೆಯಿಸಿ, ಕೆಂಪು ಶಾಯಿಯಿಂದ ತಿದ್ದುವ ಹಳೆಯ ಪದ್ಧತಿಯಿಂದ ಮಕ್ಕಳ ಸ್ವಂತ ಮಾತು ಬತ್ತಿಹೋಗುವುದೆಂದು ಅವರು ಬಗೆದರು. ಪ್ರತಿಯೊಂದು ಮಗುವಿನೊಳಗೂ ಹೇಳಬೇಕಾದ ಮಾತು ಇದ್ದೇ ಇದೆ. ಅದು ಹೊರಬರುವಂತೆ ನಿರ್ಭಯವಾದ ವಾತಾವರಣವನ್ನು ಒದಗಿಸುವುದೇ ಶಿಕ್ಷಕನ ಮೊದಲ ಕರ್ತವ್ಯವೆಂಬುದು ಅವರ ನಂಬಿಕೆ. ಒಳ್ಳೆಯ ಕವಿತೆಗಳನ್ನು ಮಕ್ಕಳ ಕಿವಿಗೆ ಬೀಳಿಸುವುದು, ಅವರು ತಾವಾಗಿಯೇ ಬರೆದು ತರುವವರೆಗೆ ಕಾಯುವುದು, ತಂದುದರಲ್ಲಿ ಜೀವವಿರುವ ಒಂದೇ ಒಂದು ಸಾಲು ಇದ್ದರೂ ಅದನ್ನು ಎತ್ತಿ ತೋರಿಸುವುದು ಅವರ ಕ್ರಮವಾಗಿದ್ದಿತು. ಮಕ್ಕಳ ರಚನೆಗಳಿಗೆ ಶಾಲೆಯ ಪತ್ರಿಕೆಯಲ್ಲಿ ಸ್ಥಾನ ದೊರೆಯಿತು. ಆ ಅನುಭವವನ್ನೂ ವಿದ್ಯಾರ್ಥಿಗಳ ಕವಿತೆಗಳನ್ನೂ ಕೂಡಿಸಿ ಮರ್ನ್ಸ್ ಅವರು ೧೯೨೫ರಲ್ಲಿ ಒಂದು ಪುಸ್ತಕವನ್ನೂ, ೧೯೨೯ರಲ್ಲಿ ಮತ್ತೊಂದನ್ನೂ ಪ್ರಕಟಿಸಿದರು. ಅವು ಅಮೆರಿಕದ ಶಿಕ್ಷಕರಲ್ಲಿ ವ್ಯಾಪಕವಾಗಿ ಪ್ರಚಾರಗೊಂಡು, ವಿಷಯದ ಹೆಸರು ಶಾಲೆಯಿಂದ ಶಾಲೆಗೆ ಹಬ್ಬಿ ಕೊನೆಗೆ ವಿಶ್ವವಿದ್ಯಾಲಯದ ಬಾಗಿಲನ್ನು ಮುಟ್ಟಿತು.

ಆದುದರಿಂದ ಇಂದು ದೊಡ್ಡ ದೊಡ್ಡ ಪದವಿಗಳ ಹೆಸರಾಗಿರುವ ಈ ವಿದ್ಯೆಯ ವಂಶವೃಕ್ಷವನ್ನು ಬೇರಿನವರೆಗೆ ಹುಡುಕುತ್ತ ಹೋದರೆ, ಅಲ್ಲಿ ಕಾಣುವುದು ಒಂದು ಕರಿಹಲಗೆ, ಹಲವು ಮಕ್ಕಳು, ತಾಳ್ಮೆಯುಳ್ಳ ಒಬ್ಬ ಶಿಕ್ಷಕ.

ಅಯೋವಾದ ಕಮ್ಮಟ

ಅಯೋವಾ ಅಮೆರಿಕದ ಮಧ್ಯಭಾಗದಲ್ಲಿ ಮೆಕ್ಕೆಜೋಳ ಬೆಳೆಯುವ ಒಕ್ಕಲುತನದ ಸಂಸ್ಥಾನ. ಪುಸ್ತಕ ಪ್ರಕಾಶಕರ ಪಟ್ಟಣಗಳಿಂದ ದೂರವಾದ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ೧೮೯೭ರಷ್ಟು ಹಿಂದೆಯೇ ಪದ್ಯರಚನೆಯ ಒಂದು ತರಗತಿ ನಡೆದಿದ್ದಿತು. ನಿಜವಾದ ತಿರುವು ಬಂದುದು ೧೯೨೨ರಲ್ಲಿ. ಆಗ ಸ್ನಾತಕೋತ್ತರ ವಿಭಾಗದ ಮುಖ್ಯಸ್ಥರಾಗಿದ್ದ ಕಾರ್ಲ್ ಸೀಶೋರ್ ಅವರು, ಕವಿತೆ, ಕಥೆ, ಚಿತ್ರ, ಸಂಗೀತ ಮುಂತಾದ ಸ್ವಂತ ಸೃಷ್ಟಿಯನ್ನೂ ಉನ್ನತ ಪದವಿಗೆ ಪ್ರಬಂಧವೆಂದು ಸ್ವೀಕರಿಸಲಾಗುವುದೆಂದು ಸಾರಿದರು. ಸೀಶೋರ್ ಅವರು ಸಾಹಿತಿಗಳಲ್ಲ, ಮನಃಶಾಸ್ತ್ರಜ್ಞರು. ಪ್ರಯೋಗಾಲಯದಲ್ಲಿ ವಿಜ್ಞಾನಿ ಮಾಡಿದ ಕೆಲಸಕ್ಕೆ ಪದವಿ ಕೊಡುವುದಾದರೆ, ಕಲಾವಿದನ ಕೆಲಸಕ್ಕೆ ಏಕೆ ಕೊಡಬಾರದೆಂಬುದೇ ಅವರ ನಿರ್ಣಯದ ತಿರುಳು.

೧೯೩೧ರಲ್ಲಿ ಮೇರಿ ಹೂವರ್ ರಾಬರ್ಟ್ಸ್ ಎಂಬ ವಿದ್ಯಾರ್ಥಿನಿ ಕವಿತೆಗಳ ಸಂಗ್ರಹವೊಂದನ್ನು ಒಪ್ಪಿಸಿ ಎಂ.ಎ. ಪದವಿ ಪಡೆದರು. ಮರುವರ್ಷ ಪಾಲ್ ಎಂಗಲ್ ಎಂಬ ಅಯೋವಾದ ತರುಣರ ಕವನ ಸಂಗ್ರಹವು ಪ್ರಬಂಧವಾಗಿಯೂ ಪುಸ್ತಕವಾಗಿಯೂ ಹೊರಬಂದಿತು. ೧೯೩೬ರಲ್ಲಿ ವಿಲ್ಬರ್ ಶ್ರಾಮ್ ಅವರ ನೇತೃತ್ವದಲ್ಲಿ ‘ಲೇಖಕರ ಕಮ್ಮಟ’ವು ವಿಧಿವತ್ತಾಗಿ ಸ್ಥಾಪನೆಗೊಂಡಿತು. ೧೯೪೧ರಿಂದ ೧೯೬೫ರವರೆಗೆ ಅದನ್ನು ನಡೆಸಿ ಬೆಳೆಯಿಸಿದವರು ಅದೇ ಪಾಲ್ ಎಂಗಲ್.

ಎರಡನೆಯ ಮಹಾಯುದ್ಧವು ಮುಗಿದಾಗ, ೧೯೪೪ರ ಕಾಯದೆಯ ಪ್ರಕಾರ ಸರಕಾರದ ಖರ್ಚಿನಲ್ಲಿ ಓದುವ ಹಕ್ಕನ್ನು ಪಡೆದಿದ್ದ ಸೈನಿಕರು ಕಾಲೇಜುಗಳಿಗೆ ಗುಂಪುಗುಂಪಾಗಿ ಬಂದರು. ಅಯೋವಾ ನದಿಯ ದಂಡೆಯಲ್ಲಿ ಸೈನ್ಯದವರು ಬಿಟ್ಟುಹೋದ ತಗಡಿನ ಕೊಠಡಿಗಳಲ್ಲಿಯೇ ಕಮ್ಮಟದ ತರಗತಿಗಳು ನಡೆದವು. ವಾರದ ಕಥೆ ಅಥವಾ ಕವಿತೆಯನ್ನು ಸೈಕ್ಲೋಸ್ಟೈಲ್ ಮಾಡಿ ಮೊದಲೇ ಎಲ್ಲರಿಗೂ ಹಂಚುತ್ತಿದ್ದರು. ಬರೆದವರ ಹೆಸರನ್ನು ಅನೇಕ ಸಲ ಹಾಕುತ್ತಿರಲಿಲ್ಲ. ನಮ್ಮ ಈ ಪತ್ರಿಕೆಯಂತೆ ಮೇಣದ ಹಾಳೆಯಿಂದ ಶಾಯಿ ಹಾಯ್ದು ಮೂಡಿದ ಆ ಪುಟಗಳನ್ನು ಕೈಯಲ್ಲಿ ಹಿಡಿದು ವಿದ್ಯಾರ್ಥಿಗಳು ಸುತ್ತಲೂ ಕುಳಿತು ಚರ್ಚಿಸುವರು. ಬರೆದವನು ಬಾಯಿ ತೆರೆಯದೆ ಕೇಳಿಸಿಕೊಳ್ಳಬೇಕು. ‘ನಾನು ಹೇಳಬೇಕೆಂದಿದ್ದುದು ಅದಲ್ಲ, ಇದು’ ಎಂದು ಸಮರ್ಥಿಸಿಕೊಳ್ಳುವ ಅವಕಾಶ ಅವನಿಗಿಲ್ಲ. ಪುಟದ ಮೇಲೆ ಬಾರದುದು ಓದುಗನಿಗೆ ತಲುಪಲಾರದೆಂಬ ಕಠಿಣ ಸತ್ಯವು ಹೀಗೆ ಅವನಿಗೆ ಮನದಟ್ಟಾಗುತ್ತಿದ್ದಿತು. ರಾಜಶೇಖರನ ಮೂರನೆಯ ಮತ್ತು ನಾಲ್ಕನೆಯ ಯಾಮಗಳು ಇವೇ ಅಲ್ಲವೇ?

ಈ ಕಮ್ಮಟಕ್ಕೆ ಬಂದವರಲ್ಲಿ ಇಬ್ಬರ ಮಾತನ್ನು ಇಲ್ಲಿ ಹೇಳಬೇಕು. ಮಾರ್ಗರೆಟ್ ವಾಕರ್ ಎಂಬ ಕರಿಯ ಜನಾಂಗದ ಕವಯಿತ್ರಿ ೧೯೪೦ರಲ್ಲಿ ತಮ್ಮ ಜನರ ಬಾಳನ್ನು ಕುರಿತ ಕವಿತೆಗಳನ್ನು ಒಪ್ಪಿಸಿ ಎಂ.ಎ. ಆದರು, ಬಹುಕಾಲದ ಮೇಲೆ ಪುನಃ ಬಂದು, ತಮ್ಮ ಮುತ್ತಜ್ಜಿಯ ಗುಲಾಮಗಿರಿಯ ಕಥೆಯನ್ನಾಧರಿಸಿದ ಕಾದಂಬರಿಯನ್ನೊಪ್ಪಿಸಿ ೧೯೬೫ರಲ್ಲಿ ಡಾಕ್ಟರೇಟ್ ಪಡೆದರು. ಎರಡನೆಯವರು ೧೯೪೫ರಲ್ಲಿ ದಕ್ಷಿಣದ ಜಾರ್ಜಿಯಾದಿಂದ ಬಂದ ಫ್ಲಾನರಿ ಓಕಾನರ್. ಅವರ ಪ್ರಾಂತದ ಉಚ್ಚಾರವು ಎಂಗಲ್ ಅವರಿಗೆ ಅರ್ಥವಾಗದೆ, ಹೇಳಬೇಕಾದುದನ್ನು ಕಾಗದದ ಮೇಲೆ ಬರೆದು ತೋರಿಸೆಂದು ಕೇಳಿಕೊಂಡರಂತೆ. ಬಾಯಿಮಾತಿನಲ್ಲಿ ಪರಕೀಯಳಾಗಿ ಕಂಡ ಆ ಹುಡುಗಿ ಅದೇ ಪ್ರಾಂತದ ಜನಜೀವನವನ್ನು ಬರೆದು ಅಮೆರಿಕದ ಶ್ರೇಷ್ಠ ಕಥೆಗಾರರಲ್ಲಿ ಒಬ್ಬರಾದರು.

ಅಯೋವಾದಲ್ಲಿ ಓದಿದವರು ಇತರ ಕಡೆಗೂ ಈ ಶಿಕ್ಷಣವನ್ನು ಕೊಂಡೊಯ್ದರು. ವಾಲೆಸ್ ಸ್ಟೆಗ್ನರ್ ಅವರು ೧೯೪೬ರಲ್ಲಿ ಸ್ಟಾನ್‌ಫರ್ಡಿನಲ್ಲಿ ಇಂಥದೇ ವಿಭಾಗವನ್ನು ತೆರೆದರು. ೧೯೬೭ರಲ್ಲಿ ಎಂಗಲ್ ಅವರು, ಮುಂದೆ ತಮ್ಮ ಪತ್ನಿಯಾದ ಚೀನೀ ಲೇಖಕಿ ಹುವಾಲಿಂಗ್ ನೀ ಅವರೊಡಗೂಡಿ, ನಾನಾ ದೇಶಗಳ ಲೇಖಕರನ್ನು ಅಯೋವಾಕ್ಕೆ ಕರೆಯಿಸುವ ಅಂತರರಾಷ್ಟ್ರೀಯ ಯೋಜನೆಯನ್ನು ಆರಂಭಿಸಿದರು. ಒಕ್ಕಲುತನದ ನಾಡಿನ ಆ ಸಣ್ಣ ಪಟ್ಟಣವನ್ನು ೨೦೦೮ರಲ್ಲಿ ಯುನೆಸ್ಕೊ ಸಂಸ್ಥೆಯು ‘ಸಾಹಿತ್ಯ ನಗರ’ವೆಂದು ಗೌರವಿಸಿತು.

ಆಕ್ಷೇಪಗಳು

ಈ ಶಿಕ್ಷಣವನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಕಾದಂಬರಿಕಾರ ನಬೋಕೋವ್ ಅವರನ್ನು ಹಾರ್ವರ್ಡಿನ ಸಾಹಿತ್ಯದ ಅಧ್ಯಾಪಕರನ್ನಾಗಿ ನೇಮಿಸುವ ಮಾತು ಬಂದಾಗ ಭಾಷಾಶಾಸ್ತ್ರಜ್ಞ ರೋಮನ್ ಯಾಕಬ್‌ಸನ್ ಅವರು, ಹಾಗಾದರೆ ಪ್ರಾಣಿಶಾಸ್ತ್ರ ಕಲಿಸಲು ಆನೆಯನ್ನೇ ಕರೆಯಿಸೋಣವೇ ಎಂದು ಕೇಳಿದರೆಂದು ಪ್ರಸಿದ್ಧಿಯಿದೆ. ಇದು ಬರಿಯ ಚಟಾಕಿಯಲ್ಲ. ಮಾಡಬಲ್ಲವನು ಕಲಿಸಲೂ ಬಲ್ಲನೇ ಎಂಬ ಪ್ರಶ್ನೆ ಅದರಲ್ಲಿದೆ. ಈಜುವ ಮೀನು ಈಜು ಕಲಿಸಲಾರದು.

ಎರಡನೆಯ ಆಕ್ಷೇಪವೆಂದರೆ, ಕಮ್ಮಟದಿಂದ ಹೊರಬರುವ ನಾಣ್ಯಗಳೆಲ್ಲ ಒಂದೇ ಅಚ್ಚಿನವಾಗುತ್ತವೆ ಎಂಬುದು. ಹತ್ತು ಜನರು ಮೆಚ್ಚುವಂತೆ ತಿದ್ದುತ್ತ ಹೋದರೆ ಬರಹದ ಮೊನಚೆಲ್ಲ ಸವೆದು ನುಣುಪೊಂದೇ ಉಳಿಯುವ ಅಪಾಯವುಂಟು. ವಿಶ್ವವಿದ್ಯಾಲಯಗಳು ಲೇಖಕರ ಕತ್ತು ಹಿಸುಕುವುದಿಲ್ಲವೇ ಎಂದು ಕೇಳಿದವರಿಗೆ ಓಕಾನರ್ ಅವರು ಕೊಟ್ಟ ಉತ್ತರ ಸ್ವಾರಸ್ಯಕರವಾಗಿದೆ. ಹಿಸುಕಬೇಕಾದಷ್ಟು ಜನರ ಕತ್ತನ್ನು ಹಿಸುಕುತ್ತಿಲ್ಲ ಎಂಬುದೇ ಅವರ ದೂರು!

ಮೂರನೆಯದು ಹಣದ ಮಾತು. ಅಮೆರಿಕ ಮತ್ತು ರಷ್ಯಗಳ ನಡುವಣ ಶೀತಲ ಸಮರದ ಕಾಲದಲ್ಲಿ ಎಂಗಲ್ ಅವರು ಅನೇಕ ಮೂಲಗಳಿಂದ ಹಣ ಕೂಡಿಸಿದರು. ಅವುಗಳಲ್ಲಿ ಒಂದಾದ ಫಾರ್‌ಫೀಲ್ಡ್ ಪ್ರತಿಷ್ಠಾನದ ಹಿಂದೆ ಅಮೆರಿಕದ ಗೂಢಚಾರ ಇಲಾಖೆಯಿದ್ದಿತೆಂಬುದು ಆಮೇಲೆ ಹೊರಬಿದ್ದಿತು. ಲೇಖಕರಿಗೆ ಅನ್ನ ಹಾಕಿದವರಿಗೆ ತಮ್ಮದೇ ಉದ್ದೇಶಗಳೂ ಇದ್ದವೆಂಬುದನ್ನು ಇತಿಹಾಸವನ್ನು ಓದುವವರು ಮರೆಯಲಾಗದು.

ನಾಲ್ಕನೆಯ ಆಕ್ಷೇಪವು ಎಲ್ಲಕ್ಕಿಂತ ಗಂಭೀರವಾದುದು. ಅದನ್ನು ಒಬ್ಬ ವಿದ್ಯಾರ್ಥಿನಿಯ ಅನುಭವದಿಂದಲೇ ತಿಳಿಯಬಹುದು. ಸಾಂಡ್ರಾ ಸಿಸ್ನೆರೋಸ್ ಅವರು ಶಿಕಾಗೋ ನಗರದ ಬಡ ಮೆಕ್ಸಿಕನ್ ಮನೆತನದಲ್ಲಿ ಹುಟ್ಟಿದವರು. ಮನೆಯಲ್ಲಿ ಕೇಳಿದುದು ಸ್ಪ್ಯಾನಿಶ್, ಶಾಲೆಯಲ್ಲಿ ಓದಿದುದು ಇಂಗ್ಲಿಷ್. ೧೯೭೮ರಲ್ಲಿ ಅಯೋವಾದ ಪದವಿ ಪಡೆದ ಅವರು ಅಲ್ಲಿಯ ಒಂದು ತರಗತಿಯ ಮಾತನ್ನು ಮತ್ತೆ ಮತ್ತೆ ಹೇಳಿರುವರು. ಅಂದು ಚರ್ಚೆ ನಡೆದುದು ‘ಮನೆ’ ಎಂಬ ಕಲ್ಪನೆಯನ್ನು ಕುರಿತು. ಸಹಪಾಠಿಗಳೆಲ್ಲರೂ ಅಟ್ಟ, ಮೆಟ್ಟಿಲು, ನೆಲಮನೆಗಳ ನೆನಪುಗಳನ್ನು ಸರಾಗವಾಗಿ ಆಡುತ್ತಿದ್ದರು. ಅಂಥ ಮನೆಯನ್ನೇ ಕಂಡಿರದ ಸಿಸ್ನೆರೋಸ್ ನಾಚಿ ಮೂಕರಾದರು. ಆ ಲಜ್ಜೆಯೇ ಅನಂತರ ಬೇರೊಂದು ಅರಿವಾಗಿ ಮಾರ್ಪಟ್ಟಿತು. ತಾನು ಬೆಳೆದಂಥ ಮನೆ ಯಾವ ಪುಸ್ತಕದಲ್ಲಿಯೂ ಇಲ್ಲ. ಆದುದರಿಂದ ಅದನ್ನು ತಾನೇ ಬರೆಯಬೇಕು! ೧೯೮೪ರಲ್ಲಿ ಪ್ರಕಟವಾದ ಅವರ ‘ಮ್ಯಾಂಗೊ ಬೀದಿಯ ಮನೆ’ ಎಂಬ ಕೃತಿಯು ಅಮೆರಿಕದ ಶಾಲೆಗಳಲ್ಲಿ ಪಠ್ಯವಾಗಿದೆ. ಕಮ್ಮಟವು ಆಕೆಗೆ ಕಲಿಸಿದುದಕ್ಕಿಂತ, ಕಮ್ಮಟದಲ್ಲಿ ಇಲ್ಲದಿದ್ದುದೇ ಆಕೆಗೆ ಹೆಚ್ಚು ಕಲಿಸಿತು.

ಬರ್ಮಿಂಗ್‌ಹ್ಯಾಮ್ ಮತ್ತು ನಾರಿಚ್

ಇಂಗ್ಲೆಂಡಿನ ವಿದ್ವಾಂಸರು ಬಹುಕಾಲ ಈ ಅಮೆರಿಕನ್ ಪದ್ಧತಿಯಿಂದ ದೂರವಿದ್ದರು. ಅದನ್ನು ಅಲ್ಲಿಗೆ ತಂದವರು ಕಾದಂಬರಿಕಾರರಾದ ಆಂಗಸ್ ವಿಲ್ಸನ್ ಮತ್ತು ಮಾಲ್ಕಮ್ ಬ್ರಾಡ್‌ಬರಿ. ೧೯೭೦ರಲ್ಲಿ ಅವರಿಬ್ಬರೂ ನಾರಿಚ್ ಪಟ್ಟಣದ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ತರಗತಿಯನ್ನು ತೆರೆದಾಗ ಬಂದ ವಿದ್ಯಾರ್ಥಿ ಒಬ್ಬನೇ ಒಬ್ಬ. ಆ ತರುಣರೇ ಮುಂದೆ ಹೆಸರಾಂತ ಕಾದಂಬರಿಕಾರರಾದ ಇಯನ್ ಮೆಕ್‌ಯೂಅನ್.

ಹತ್ತು ವರ್ಷಗಳ ಮೇಲೆ ಅದೇ ತರಗತಿಯಲ್ಲಿ ಕಜುವೊ ಇಶಿಗುರೊ ಎಂಬವರು ಓದಿದರು. ಜಪಾನಿನ ನಾಗಾಸಾಕಿಯಲ್ಲಿ ಹುಟ್ಟಿ ಐದನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದವರು ಅವರು. ನಾರಿಚ್ ಸಮೀಪದ ಹಳ್ಳಿಯ ಒಂದು ಸಣ್ಣ ಕೋಣೆಯಲ್ಲಿ ಕುಳಿತು ಬರೆಯತೊಡಗಿದಾಗ ಬಾಲ್ಯದ ನಾಗಾಸಾಕಿಯೇ ಕಣ್ಮುಂದೆ ಬಂದಿತೆಂದು ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸ್ವೀಕರಿಸಿದಾಗಿನ ಉಪನ್ಯಾಸದಲ್ಲಿ ಅವರು ನೆನೆದಿರುವರು.

ಇಲ್ಲಿ ಕನ್ನಡಿಗರಾದ ನಾವು ಅಭಿಮಾನದಿಂದ ನೆನೆಯಬೇಕಾದ ಒಂದು ಪ್ರಸಂಗವಿದೆ. ನಾರಿಚ್‌ಗೆ ಹೋಗುವ ಮೊದಲು ಬ್ರಾಡ್‌ಬರಿಯವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದ್ದರು. ಆಗ ಅಲ್ಲಿ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದವರು ನಮ್ಮ ಯು. ಆರ್. ಅನಂತಮೂರ್ತಿಯವರು. ಅವರು ಬರೆಯಬೇಕಾಗಿದ್ದುದು ೧೯೩೦ರ ದಶಕದ ಇಂಗ್ಲಿಷ್ ಕಾದಂಬರಿ ಹಾಗೂ ರಾಜಕಾರಣವನ್ನು ಕುರಿತ ಪ್ರಬಂಧ. ಅದಕ್ಕೆ ೧೯೬೬ರಲ್ಲಿ ಡಾಕ್ಟರೇಟ್ ದೊರೆಯಿತು. ಆದರೆ ನಡುವೆ ಬೇರೊಂದು ಘಟಿಸಿತು. ಅನಂತಮೂರ್ತಿಯವರೇ ಹೇಳಿಕೊಂಡಿರುವಂತೆ, ಒಂದು ಸಂಜೆ ಅವರು ಬ್ರಾಡ್‌ಬರಿಯವರೊಡನೆ ಸ್ವೀಡನ್ ದೇಶದ ಬರ್ಗ್‌ಮನ್ನರ ‘ಏಳನೆಯ ಮುದ್ರೆ’ ಎಂಬ ಚಲನಚಿತ್ರವನ್ನು ನೋಡಿದರು. ತೆರೆಯ ಮೇಲೆ ಇಂಗ್ಲಿಷ್ ಅನುವಾದವಿರಲಿಲ್ಲ. ಯುರೋಪಿನ ಮಧ್ಯಯುಗವನ್ನು ತೋರಿಸುವ ಆ ಚಿತ್ರವನ್ನು ಕುರಿತು ಮಾತು ಬೆಳೆದಾಗ, ಯುರೋಪಿನವರು ವಿದ್ವತ್ತಿನಿಂದ ಕಟ್ಟಿಕೊಳ್ಳಬೇಕಾದ ಅಂಥ ಕಾಲವು ಭಾರತೀಯನಾದವನಿಗೆ ನೆನಪಿನಲ್ಲಿಯೇ ಜೀವಂತವಾಗಿದೆಯಲ್ಲ ಎಂಬ ವಿಚಾರ ಬಂದಿತು. ಅದೇ ಪ್ರೇರಣೆಯಾಗಿ, ದಿನವಿಡೀ ಇಂಗ್ಲಿಷ್ ಆಡಿ ಬೇಸತ್ತಿದ್ದ ಅನಂತಮೂರ್ತಿಯವರು ಕನ್ನಡದಲ್ಲಿ ಬರೆಯಲು ಕುಳಿತರು. ಹಾಗೆ ಹುಟ್ಟಿದ ‘ಸಂಸ್ಕಾರ’ವು ೧೯೬೫ರಲ್ಲಿ ಪ್ರಕಟವಾಯಿತು, ೧೯೭೬ರಲ್ಲಿ ಎ. ಕೆ. ರಾಮಾನುಜನ್ನರ ಅನುವಾದದಿಂದ ಲೋಕಕ್ಕೆ ಪರಿಚಯವಾಯಿತು.

ಬ್ರಾಡ್‌ಬರಿಯವರಿಗೆ ಕನ್ನಡದ ಒಂದಕ್ಷರವೂ ತಿಳಿದಿರಲಿಲ್ಲ. ‘ಸಂಸ್ಕಾರ’ದ ಒಂದು ವಾಕ್ಯವನ್ನಾದರೂ ಅವರು ತಿದ್ದಲಾರದವರಾಗಿದ್ದರು. ಅವರು ಮಾಡಿದುದು ಇಷ್ಟೇ: ಶಿಷ್ಯನ ಮಾತನ್ನು ಆಸಕ್ತಿಯಿಂದ ಕೇಳಿದರು, ‘ನಿನ್ನಲ್ಲಿರುವುದು ಬರೆಯತಕ್ಕ ವಸ್ತು’ ಎಂಬ ಧೈರ್ಯವನ್ನು ಕೊಟ್ಟರು.

ಭೀಮಾತೀರದ ಕಮ್ಮಟ

ಹಾಗಾದರೆ ಇಷ್ಟೂ ಇತಿಹಾಸದಿಂದ ನಾವು ತಿಳಿಯುವುದೇನು? ವಿಶ್ವವಿದ್ಯಾಲಯವು ಬರೆಯುವವನಿಗೆ ಮೂರು ವಸ್ತುಗಳನ್ನು ಕೊಟ್ಟಿತು. ಮೊದಲನೆಯದು, ಬರೆದುದನ್ನು ಎಚ್ಚರಿಕೆಯಿಂದ ಓದುವ ಜನ. ಎರಡನೆಯದು, ಹೊಟ್ಟೆಯ ಚಿಂತೆಯಿಲ್ಲದೆ ಬರೆಯುವ ವೇಳೆ. ಮೂರನೆಯದು, ತನ್ನ ಮನೆ, ತನ್ನ ಜನ, ತನ್ನ ಮಾತು ಬರಹಕ್ಕೆ ಯೋಗ್ಯವೆಂಬ ಅಪ್ಪಣೆ. ಆದರೆ ನಾಲ್ಕನೆಯದೊಂದನ್ನು ಯಾವ ವಿಶ್ವವಿದ್ಯಾಲಯವೂ ಕೊಡಲಿಲ್ಲ, ಕೊಡಲಾರದು. ಅದು ಭಾಷೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಅಯೋವಾಕ್ಕೋ ನಾರಿಚ್‌ಗೋ ಬಂದವರು ಎಳವೆಯಲ್ಲಿಯೇ ತಮ್ಮ ಬರಹದ ನುಡಿಯನ್ನು ಗಳಿಸಿಕೊಂಡು ಬಂದಿದ್ದರು. ಅನಂತಮೂರ್ತಿಯವರ ಮೊದಲ ಕಥಾಸಂಗ್ರಹವು ೧೯೫೫ರಲ್ಲಿಯೇ ಹೊರಬಂದಿದ್ದಿತು. ಕನ್ನಡದಲ್ಲಿ ಕೈ ಪಳಗದೆ ಇದ್ದಿದ್ದರೆ ಬರ್ಮಿಂಗ್‌ಹ್ಯಾಮಿನ ಆ ಸಂಜೆ ಬರಿಯ ಒಂದು ಚಲನಚಿತ್ರದ ಸಂಜೆಯಾಗಿ ಉಳಿಯುತ್ತಿದ್ದಿತು.

ಓದುಗರ ಗೋಷ್ಠಿಯನ್ನೂ ಅಪ್ಪಣೆಯನ್ನೂ ಪಡೆಯಲು ವಿಶ್ವವಿದ್ಯಾಲಯವೇ ಬೇಕೆಂದೂ ಇಲ್ಲ. ಇದಕ್ಕೆ ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. ಸೊನ್ನಲಿಗೆಯ ಸಿದ್ಧರಾಮನೂ ಅವನ ಕಾಲದ ಕಾಯಕಜೀವಿಗಳೂ ಯಾವ ಪದವಿ ಪಡೆದು ವಚನ ಬರೆದರು? ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಭೀಮಾತೀರದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರು ‘ಹಲಸಂಗಿ ಗೆಳೆಯರು’ ಎಂದು ಒಂದುಗೂಡಿದರು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡುತ್ತಿದ್ದ ಪದಗಳನ್ನು ಕೂಡಿಹಾಕಿ ೧೯೩೧ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವನ್ನು ಬೆಳಕಿಗೆ ತಂದರು. ಅವರಲ್ಲಿ ಸಿಂಪಿ ಲಿಂಗಣ್ಣನವರು ವೃತ್ತಿಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರು. ಧಾರವಾಡದಲ್ಲಿ ‘ಗೆಳೆಯರ ಗುಂಪ’ನ್ನು ಕಟ್ಟಿದ ದ. ರಾ. ಬೇಂದ್ರೆಯವರೂ ಶಾಲಾ ಮಾಸ್ತರಿಕೆಯಿಂದ ಆರಂಭಿಸಿದವರೇ. ಅವರು ೧೯೪೪ರಿಂದ ೧೯೫೬ರವರೆಗೆ ನಮ್ಮ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡವನ್ನು ಕಲಿಸಿದರು.

ನಾವು ಮಾಡಬಹುದಾದುದು

೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶಗಳು ಮುಂಬಯಿ ರಾಜ್ಯದಲ್ಲಿ ಉಳಿದವು. ೧೯೬೦ರಲ್ಲಿ ಮಹಾರಾಷ್ಟ್ರದ ಭಾಗವಾದವು. ಇಲ್ಲಿಯ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮುಂದಿನ ಓದಿಗೆ ಇಂಗ್ಲಿಷ್. ಮೂರು ಭಾಷೆಗಳನ್ನು ಬಲ್ಲುದು ಸಂಪತ್ತೇ ಸರಿ. ಆದರೆ ಕನ್ನಡ ಶಾಲೆಯ ಏಳನೆಯ ಇಯತ್ತೆಯನ್ನು ಮುಗಿಸುವವರೆಗೆ ಒಂದು ಮಗುವು ಪರೀಕ್ಷೆಯ ಉತ್ತರಗಳನ್ನಲ್ಲದೆ ತನ್ನದೆಂಬ ಒಂದು ಪುಟವನ್ನೂ ಕನ್ನಡದಲ್ಲಿ ಬರೆಯದೆ ಹೋದರೆ, ಕನ್ನಡವು ಅದರ ಪಾಲಿಗೆ ಅಡಿಗೆಯ ಮನೆಯ ಮಾತಾಗಿ ನಿಂತುಬಿಡುವುದು. ಆಮೇಲೆ ಯಾವ ದೇಶದ ಯಾವ ವಿಶ್ವವಿದ್ಯಾಲಯವೂ ಆ ಕೊರತೆಯನ್ನು ತುಂಬಿಕೊಡಲಾರದು. ಸಿಸ್ನೆರೋಸ್ ಅವರಿಗಾದಂತೆ ನಮ್ಮ ಮಕ್ಕಳ ಮನೆಯೂ ಪುಸ್ತಕದಲ್ಲಿ ಇಲ್ಲ. ಎರಡು ಭಾಷೆಗಳ ನಡುವಣ ಈ ಬಾಳನ್ನು ಬೆಂಗಳೂರಿನವರಾಗಲಿ ಪುಣೆಯವರಾಗಲಿ ನಮಗಾಗಿ ಬರೆದುಕೊಡುವುದಿಲ್ಲ.

ಶಿಕ್ಷಕ ತರಬೇತಿಯಲ್ಲಿ ನಮಗೆಲ್ಲರಿಗೂ ಪ್ರಬಂಧ ಪಾಠದ ಸೋಪಾನಗಳನ್ನು ಹೇಳಿಕೊಡುತ್ತಾರೆ: ಪೀಠಿಕೆ, ನಿರೂಪಣೆ, ಉಪಸಂಹಾರ. ಅವು ಬೇಕು. ಅವುಗಳ ಜೊತೆಗೆ ವಾರಕ್ಕೊಂದು ತಾಸು ಬೇರೆ ರೀತಿಯಿಂದ ಕಳೆಯಬಹುದಾಗಿದೆ. ‘ಗೋವು’, ‘ವಸಂತ ಋತು’ ಎಂಬ ವಿಷಯಗಳನ್ನು ಕೊಡದೆ, ವೆಂಡೆಲ್ ಅವರಂತೆ ನಿನ್ನೆ ಕಂಡುದನ್ನು ಬರೆಯಹೇಳಬೇಕು. ‘ಸಂತೆಯಲ್ಲಿ ಅಜ್ಜಿ ಯಾವ ಮಾತಿನಲ್ಲಿ ಚೌಕಾಸಿ ಮಾಡಿದಳು?’ ಎಂಬುದು ಗೋವಿಗಿಂತ ಒಳ್ಳೆಯ ವಿಷಯ. ಅಯೋವಾದಂತೆ ಹೆಸರು ಹೇಳದೆ ಒಂದು ಬರಹವನ್ನು ಗಟ್ಟಿಯಾಗಿ ಓದಬೇಕು. ಮಕ್ಕಳು ತಮಗೆ ಏನು ಕಂಡಿತು, ಎಲ್ಲಿ ತಿಳಿಯಲಿಲ್ಲ ಎಂಬುದನ್ನು ಹೇಳಲಿ. ಶಿಕ್ಷಕರು ಎಲ್ಲರಿಗಿಂತ ಕೊನೆಗೆ ಮಾತಾಡಲಿ. ಮರ್ನ್ಸ್ ಅವರಂತೆ ಮೊದಲು ಜೀವವುಳ್ಳ ಸಾಲನ್ನು ತೋರಿಸಿ, ಕಾಗುಣಿತದ ತಪ್ಪುಗಳನ್ನು ಆಮೇಲೆ ತಿದ್ದೋಣ. ಮಗುವಿನ ಬರಹದಲ್ಲಿ ಮರಾಠಿಯ ಒಂದು ಶಬ್ದ ಬಂದರೆ ಕೂಡಲೇ ಅದನ್ನು ಹೊಡೆದುಹಾಕುವುದು ಬೇಡ. ನಮ್ಮ ಭಾಗದ ಬಾಳಿನಲ್ಲಿರುವ ಮಾತು ನಮ್ಮ ಭಾಗದ ಬರಹದಲ್ಲಿಯೂ ಇರುವುದು ಸಹಜ.

ಇದಕ್ಕೆ ಹಣ ಬೇಡ, ಕಟ್ಟಡ ಬೇಡ, ಮೇಲಿನವರ ಮಂಜೂರಾತಿಯೂ ಬೇಡ. ಹಾಗೆ ಬಂದ ಬರಹಗಳಲ್ಲಿ ಒಂದೆರಡನ್ನಾದರೂ ನಮ್ಮ ಸಂಘದ ಈ ಪತ್ರಿಕೆಗೆ ಕಳಿಸಿದರೆ ಮಗುವಿಗೆ ತನ್ನ ಶಾಲೆಯ ಹೊರಗಿನ ಓದುಗರು ದೊರೆಯುವರು.

ಬರೆಯಲು ಕಲಿಸಬಹುದೇ ಎಂಬ ಪ್ರಶ್ನೆಗೆ ಇತಿಹಾಸವು ಕೊಡುವ ಉತ್ತರ ಹೀಗಿದೆ: ಪ್ರತಿಭೆಯನ್ನು ಯಾರೂ ಕಲಿಸಲಾರರು; ಆದರೆ ಬರೆದುದನ್ನು ಕೇಳುವ ಒಂದು ಜೊತೆ ಕಿವಿಯನ್ನು ಯಾವ ಶಿಕ್ಷಕನಾದರೂ ಒದಗಿಸಬಲ್ಲನು. ಒಂದು ತರಗತಿಯ ನಲವತ್ತು ಮಕ್ಕಳಲ್ಲಿ ಎಲ್ಲರೂ ಸಾಹಿತಿಗಳಾಗಲಾರರು, ಆಗಬೇಕಾಗಿಯೂ ಇಲ್ಲ. ಅವರಲ್ಲಿ ಒಬ್ಬನು ಬರೆದರೆ ಉಳಿದ ಮೂವತ್ತೊಂಬತ್ತು ಮಂದಿ ಅವನ ಓದುಗರಾಗುವರು. ಎಮರ್ಸನ್ ಅವರು ಹೇಳಿದ ಎರಡನೆಯ ಪದದ ಅರ್ಥವೂ ಅದೇ ಆಗಿದೆ. ಬರೆಯುವವನಿಲ್ಲದ ಭಾಷೆ ಬಡವಾಗುತ್ತದೆ, ಓದುವವರಿಲ್ಲದ ಭಾಷೆ ಉಳಿಯುವುದೇ ಇಲ್ಲ. ಈ ಇಬ್ಬರೂ ತಯಾರಾಗುವ ಸ್ಥಳ ನಮ್ಮ ಕನ್ನಡ ಶಾಲೆ.